ದಾದಿಮಾ ಪಕ್ಕದ ಜಾಗ

ನನ್ನ ಚಿಕ್ಕಪ್ಪನ ಮಗಳು ಕುರಾನ್ ಓದಲು ಕೂತರೆ ಸುತ್ತಲಿನ ಹೆಂಗಸರೆಲ್ಲ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒರೆಸಿಕೊಳ್ಳುತ್ತೇನೆ. ನನ್ನ ಕಾರಣ ಬೇರೆ. ಎಪ್ಪತ್ತು ದಾಟಿದ ಮೇಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಕಾನ್ವೆಂಟಿನಲ್ಲಿ ಸಿಸ್ಟರ್ ಅದನ್ನು 'ಎನ್ವಿ' ಎಂದು ಬೋರ್ಡಿನ ಮೇಲೆ ಬರೆದು, ಡೆಡ್ಲಿ ಸಿನ್ ಅಂದಿದ್ದರು. ನನ್ನದು ಅಷ್ಟು ದೊಡ್ಡದೇನಲ್ಲ. ಬೂದಿ ಮುಚ್ಚಿಕೊಂಡ ಒಂದು ಕೆಂಡ, ಯಾರಾದರೂ ಊದಿದರೆ ಕೆಂಪಾಗುತ್ತದೆ, ಅಷ್ಟೇ.

ಅದು ಹೊತ್ತಿಕೊಂಡದ್ದು ಅರವತ್ತರ ದಶಕದ ಒಂದು ರಮ್ಜಾನಿನಲ್ಲಿ.

ಆಗ ನಾವು ವಿಲ್ಸನ್ ಗಾರ್ಡನ್ನಿನ ಬಾಡಿಗೆ ಮನೆ ಬಿಟ್ಟು ಜಯನಗರದ ಅಂಚಿನಲ್ಲಿ, ತಿಲಕ್ ನಗರದ ಕಡೆಗೆ ಅಬ್ಬಾ ಕಟ್ಟಿಸಿದ್ದ ಹೊಸ ಮನೆಗೆ ಬಂದಿದ್ದೆವು. ಅಕ್ಕಪಕ್ಕದ ಸೈಟುಗಳಲ್ಲಿ ಇನ್ನೂ ರಾಗಿ ಬೆಳೆಯುತ್ತಿತ್ತು. ಮನೆಯಲ್ಲಿ ಅಬ್ಬಾ, ಅಮ್ಮಿ, ಅಬ್ಬಾನ ತಾಯಿ ದಾದಿಮಾ, ನಾನು, ಮತ್ತು ಈ ತಂಗಿ. ಅವಳ ತಾಯಿ ತೀರಿಕೊಂಡಿದ್ದರು. ಚಿಕ್ಕಪ್ಪ ಅವಳನ್ನು ನಮ್ಮಲ್ಲಿ ಬಿಟ್ಟು ಕೆಲಸದ ಮೇಲೆ ಊರೂರು ಸುತ್ತುತ್ತಿದ್ದರು. ನನಗಿಂತ ಒಂದೇ ವರ್ಷ ಚಿಕ್ಕವಳು. ನಾನು ಕಾನ್ವೆಂಟಿಗೆ, ಅವಳು ಉರ್ದು ಸ್ಕೂಲಿಗೆ. ಮನೆಯ ಮಾತು ದಖನಿ ಉರ್ದು. ಆದರೆ ಇಷ್ಟು ವರ್ಷದ ಮೇಲೆ ಅವೆಲ್ಲ ನನಗೆ ಕನ್ನಡದಲ್ಲೇ ನೆನಪಾಗುತ್ತವೆ. ಏನು ಮಾಡಲಿ, ದಾದಿಮಾ ಬೈದದ್ದೂ ಈಗ ಕನ್ನಡದಲ್ಲೇ ಕೇಳಿಸುತ್ತದೆ.

ಆ ವರ್ಷ ದಾದಿಮಾ ಕಣ್ಣಿಗೆ ಪೊರೆ ಬಂದಿತ್ತು. ಈದ್ ಆದ ಮೇಲೆ ಆಪರೇಷನ್ ಮಾಡೋಣ ಎಂದು ಡಾಕ್ಟರು ಹೇಳಿದ್ದರು. ಹುಡುಗಿಯಾಗಿದ್ದಾಗಿನಿಂದ ಪ್ರತಿ ರಮ್ಜಾನಿನಲ್ಲೂ ದಿನಕ್ಕಿಷ್ಟು ಎಂದು ಓದಿ ಇಡೀ ಕುರಾನನ್ನು ಮುಗಿಸುತ್ತಿದ್ದ ಹೆಂಗಸು ಅವರು. ಈ ಸಲ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಹರಿದಾಡುತ್ತವೆ ಅಂದರು. ಯಾರಾದರೂ ಓದಿ ಕೇಳಿಸಬೇಕಿತ್ತು.

"ನಮ್ಮ ಕಾನ್ವೆಂಟ್ ಬೀಬಿ ಓದ್ಲಿ," ಅಂದರು ದಾದಿಮಾ.

ಕಾನ್ವೆಂಟ್ ಬೀಬಿ ಎಂದರೆ ನಾನು. ಆ ಹೆಸರಿನಲ್ಲಿ ಯಾವಾಗಲೂ ಒಂದು ಚುಚ್ಚುಮಾತು ಇರುತ್ತಿತ್ತು. ಬೆಳಿಗ್ಗೆ ಅಸೆಂಬ್ಲಿಯಲ್ಲಿ ಇಂಗ್ಲಿಷ್ ಪ್ರೇಯರ್ ಹೇಳುವ ಹುಡುಗಿಗೆ ಅರಬ್ಬಿ ಏನು ಬರುತ್ತದೆ ಎಂದು ನೆಂಟರೆಲ್ಲ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ನನ್ನ ನಾಲಿಗೆ ಚೊಕ್ಕವಾಗಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿ ಪಾಠ ಹೇಳುತ್ತಿದ್ದ ಉಸ್ತಾನಿ ನನ್ನ ಬೆರಳಿಗೆ ಬೆತ್ತದಲ್ಲಿ ಹೊಡೆದು ಹೊಡೆದು ತಿದ್ದಿದ ಉಚ್ಚಾರ ಅದು. ಉರ್ದು ಸ್ಕೂಲಿನ ತಂಗಿಯೇ ತಡವರಿಸುತ್ತಿದ್ದಳು. ಅದು ನನಗೆ ಸಿಕ್ಕಾಪಟ್ಟೆ ಹೆಮ್ಮೆ.

ಸಂಜೆಗೆ ಮುಂಚಿನ ಅಸರ್ ನಮಾಜ್ ಮುಗಿದ ಮೇಲೆ, ಹಾಲಿನ ಕಿಟಕಿಯ ಕೆಳಗೆ ಚಾಪೆ ಹಾಸುತ್ತಿದ್ದೆವು. ಕುರಾನನ್ನು ಬಿಚ್ಚಿಡಲು ಮಡಚುವ ಮರದ ಪೀಠವೊಂದಿತ್ತು, ರೆಹಲ್ ಅಂತ. ಅದರ ಮುಂದೆ ನಾನು. ನನ್ನ ಎಡಕ್ಕೆ ದಾದಿಮಾ. ಅವರ ಬಲಗೈ ನನ್ನ ಮೊಣಕಾಲ ಮೇಲೆ. ಒಂದು ಆಯತ್, ಅಂದರೆ ಒಂದು ವಚನ, ಮುಗಿದರೆ ಬೆರಳಿನಿಂದ ಒಂದು ತಟ್ಟು. ಚೆನ್ನಾಗಿ ಓದಿದೆ ಅನ್ನಿಸಿದರೆ ಇನ್ನೊಂದು. ನಮ್ಮ ಮನೆ ಮುದ್ದಾಡುವ ಮನೆಯಲ್ಲ. ಅಮ್ಮಿ ಜ್ವರ ಬಂದಾಗ ಮಾತ್ರ ಹಣೆ ಮುಟ್ಟುತ್ತಿದ್ದರು. ಆ ಕೈಗಾಗಿ ನಾನು ಬಸ್ ಸ್ಟಾಪಿನಿಂದ ಓಡಿಕೊಂಡು ಬರುತ್ತಿದ್ದೆ. ತಂಗಿ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಾ ನೋಡುತ್ತಿದ್ದಳು. ನೋಡಲಿ ಎಂದೇ ನಾನು ಇನ್ನಷ್ಟು ರಾಗವಾಗಿ ಓದುತ್ತಿದ್ದೆ.

ಆಪರೇಷನ್ ಆದರೆ ಮುಂದಿನ ವರ್ಷ ದಾದಿಮಾ ತಾವೇ ಓದಿಕೊಳ್ಳುತ್ತಾರೆ. ನನಗಿದ್ದದ್ದು ಅದೊಂದೇ ರಮ್ಜಾನ್. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಾನೇ ಓದಬೇಕು, ರಮ್ಜಾನಿನ ದೊಡ್ಡ ರಾತ್ರಿಯಾದ ಇಪ್ಪತ್ತೇಳನೆಯ ರಾತ್ರಿಗೆ ಮುಂಚೆ ಮುಗಿಸಬೇಕು, ಮುಗಿಸುವಾಗ ಆ ಕೈ ನನ್ನ ಮೊಣಕಾಲ ಮೇಲೇ ಇರಬೇಕು. ಬೇರೇನೂ ಬೇಕಿರಲಿಲ್ಲ.

ಅರ್ಧಕ್ಕಿಂತ ಹೆಚ್ಚು ಓದಿಯಾಗಿತ್ತು. ಒಂದು ಮಧ್ಯಾಹ್ನ ಜಿಯಾಗ್ರಫಿ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿ ನನ್ನ ಜಡೆ ಎಳೆದು, "ಏಯ್, ಎದ್ದೇಳ್ಬೇಡ. ಯು ಹ್ಯಾವ್ ಗಾಟ್ ಯುವರ್ ಚಮ್ಸ್," ಅಂದಳು. ಕಾನ್ವೆಂಟಿನಲ್ಲಿ ಮುಟ್ಟಿಗೆ ನಾವು ಇಟ್ಟ ಹೆಸರು ಚಮ್ಸ್, ಗೆಳತಿಯರು ಅಂತ. ಎಂಥಾ ಗೆಳತಿಯರೋ! ಸಿಸ್ಟರ್ ಸಿಕ್ ರೂಮಿಗೆ ಕರೆದುಕೊಂಡು ಹೋಗಿ ಬಟ್ಟೆ, ಸೇಫ್ಟಿ ಪಿನ್ ಕೊಟ್ಟು, ಒಂದು ಗ್ಲಾಸ್ ಬಿಸಿ ಹಾಲು ಮುಂದಿಟ್ಟರು. "ಐ ಆಮ್ ಫಾಸ್ಟಿಂಗ್, ಸಿಸ್ಟರ್," ಅಂದೆ. "ಗುಡ್ ಗರ್ಲ್," ಎಂದು ಅವರು ಹಾಲನ್ನು ವಾಪಸ್ ತೆಗೆದುಕೊಂಡು ಹೋದರು.

ಮನೆಗೆ ಬಂದು ಅಮ್ಮಿಗೆ ಹೇಳಿದರೆ ಅವರು ಅಡುಗೆಮನೆಯ ಬಾಗಿಲು ಹಾಕಿ, ಹೂಜಿಯಿಂದ ನೀರು ಬಗ್ಗಿಸಿದರು.

"ನಿನ್ನ ರೋಜಾ ಹೋಯ್ತು. ಕುಡಿ."

"ಇನ್ನೇನು ಅಜಾನ್ ಆಗತ್ತೆ ಅಮ್ಮಿ. ಹಿಡ್ಕೊಂಡೇ ಇರ್ತೀನಿ."

"ಹಿಡ್ಕೊಂಡ್ರೂ ಅದು ರೋಜಾ ಅಲ್ಲ, ಬರೀ ಹಸಿವು. ಕುಡಿ ಅಂದ್ನಲ್ಲ."

ಕುಡಿದೆ. ರಮ್ಜಾನಿನ ಹಗಲಲ್ಲಿ ಬಾಗಿಲ ಹಿಂದೆ ಕುಡಿದ ಆ ನೀರು ಗಂಟಲಿನಲ್ಲಿ ಎಷ್ಟು ಜೋರಾಗಿ ಸದ್ದು ಮಾಡಿತೆಂದರೆ ಬೀದಿಗೆಲ್ಲ ಕೇಳಿಸಿತು ಅನ್ನಿಸಿತು.

ಅಮ್ಮಿ ಪಿಸುದನಿಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಇನ್ನು ನೀನು ದೊಡ್ಡವಳು, ನಮಾಜ್, ರೋಜಾ ಎಲ್ಲ ನಿನ್ನ ಲೆಕ್ಕಕ್ಕೇ ಬರುತ್ತದೆ. ಆದರೆ ಈ ದಿನಗಳಲ್ಲಿ ನಮಾಜ್ ಇಲ್ಲ, ರೋಜಾ ಇಲ್ಲ. ಪೂರ್ತಿ ನಿಂತ ಮೇಲೆ ತಲೆಯಿಂದ ಕಾಲಿನವರೆಗೆ ಒಂದು ಕೂದಲೂ ಒಣಗಿರದ ಹಾಗೆ ಸ್ನಾನ. ತಪ್ಪಿದ ನಮಾಜ್ ಮಾಫ್. ತಪ್ಪಿದ ರೋಜಾ ಮಾತ್ರ ಈದ್ ಆದ ಮೇಲೆ ಹಿಡಿದು ತೀರಿಸಬೇಕು.

"ನಮಾಜ್ ಮಾಫ್ ಆದ್ರೆ ರೋಜಾ ಯಾಕಿಲ್ಲ? ಲಾಜಿಕ್ ಏನು?" ಅಂದೆ. ಕಾನ್ವೆಂಟ್ ಬಾಯಿ.

ಬಾಗಿಲಿನ ಆಚೆಯಿಂದ ದಾದಿಮಾ ದನಿ ಬಂತು. ಕಣ್ಣು ಹೋದ ಮೇಲೆ ಅವರ ಕಿವಿ ಎರಡರಷ್ಟಾಗಿತ್ತು. "ದಿನಕ್ಕೈದು ನಮಾಜ್, ತಿಂಗಳು ತಿಂಗಳೂ ತೀರಿಸ್ತಾ ಕೂತ್ರೆ ಹೆಂಗಸ್ರು ರೊಟ್ಟಿ ಯಾವಾಗ ತಟ್ಟೋದು? ಅಲ್ಲಾಹನಿಗೆ ಮನೆಕೆಲಸ ಗೊತ್ತು ಬೇಟಿ. ನಿನ್ನ ಅಬ್ಬಾಗೇ ಗೊತ್ತಿಲ್ಲ."

ಅಮ್ಮಿ ನಕ್ಕರು. ನನಗೂ ನಗು ಬಂತು. ಆಮೇಲೆ ಅಮ್ಮಿ ಏನೋ ನೆನಪಾದವರಂತೆ, "ಹ್ಞಾಂ, ಕುರಾನ್ ಮುಟ್ಟೋ ಹಾಗಿಲ್ಲ. ಓದೋ ಹಾಗೂ ಇಲ್ಲ. ಇವತ್ತಿಂದ ತಂಗಿ ಓದ್ತಾಳೆ," ಅಂದರು.

ನನ್ನ ನಗು ಅಲ್ಲೇ ನಿಂತಿತು.

ಪಕ್ಕದ ಮನೆಯವರು ಆ ಊರಿನ ಹಳೆಯ ಗೌಡರು. ನಮ್ಮ ಮನೆಯಿದ್ದ ಜಾಗವೂ ಒಂದು ಕಾಲಕ್ಕೆ ಅವರ ಹೊಲ. ಹಿಂದಿನ ವರ್ಷ ಅವರ ಮಗಳು ದೊಡ್ಡವಳಾದಾಗ ಹೊರಗಿನ ಕೋಣೆಯಲ್ಲಿ ಕೂರಿಸಿ, ತಟ್ಟೆ ಲೋಟ ಬೇರೆ ಇಟ್ಟು, ಆಮೇಲೆ ಆರತಿ ಎತ್ತಿ, ರೇಷ್ಮೆ ಲಂಗ ಉಡಿಸಿ, ಚಿಗಳಿ, ಕೊಬ್ಬರಿ ತಿನ್ನಿಸಿ, ಓಣಿಯ ಹೆಂಗಸರೆಲ್ಲ ಹಾಡು ಹೇಳಿದ್ದರು. ಆ ಹುಡುಗಿ ಈಗ ಕಾಂಪೌಂಡಿನ ಮೇಲಿಂದ ನನಗೆ, "ನೀನು ಒಳಗೇ ಓಡಾಡ್ಬಹುದಾ? ಒಲೆ ಮುಟ್ಬಹುದಾ? ಪುಣ್ಯ ಮಾಡಿದ್ದೆ ಬಿಡು," ಅಂದಳು. ಹೌದು, ನಾನು ಒಲೆ ಮುಟ್ಟಬಹುದಿತ್ತು, ಎಲ್ಲರ ಜೊತೆ ಒಂದೇ ದಸ್ತರ್‌ಖಾನಿನಲ್ಲಿ ಕೂತು ಉಣ್ಣಬಹುದಿತ್ತು. ಮುಟ್ಟಬಾರದಿದ್ದದ್ದು ಒಂದೇ ಒಂದು ವಸ್ತು. ನನಗೆ ಬೇಕಾಗಿದ್ದದ್ದೂ ಅದೊಂದೇ. ಅವಳಿಗೆ ರೇಷ್ಮೆ ಲಂಗವಾದರೂ ಸಿಕ್ಕಿತ್ತು. ನನಗೆ ಅಮ್ಮಿಯ ಹಳೇ ಸೀರೆಯ ತುಂಡು ಮತ್ತು ಕಾನ್ವೆಂಟಿನ ಸೇಫ್ಟಿ ಪಿನ್.

ಅವತ್ತಿನಿಂದ ಅಸರ್ ಆದ ಮೇಲೆ ನಾನು ಅಡುಗೆಮನೆಯಲ್ಲಿ. ಅವರೆಕಾಯಿ ಕಾಲ. ನೆನೆಸಿದ ಕಾಳಿನ ಸಿಪ್ಪೆಯನ್ನು ಬೆರಳಲ್ಲಿ ಹಿತುಕಿ ಹಿತುಕಿ ತೆಗೆಯುವ ಕೆಲಸ. ಹಾಲಿನಿಂದ ತಂಗಿಯ ಓದು ತೇಲಿ ಬರುತ್ತಿತ್ತು. ತೇಲಿ ಎಂದದ್ದು ತಪ್ಪು. ಕುಂಟುತ್ತಾ ಬರುತ್ತಿತ್ತು. ಎಳೆಯಬೇಕಾದ ಕಡೆ ಮೊಟಕು, ಮೊಟಕಿರಬೇಕಾದ ಕಡೆ ಎಳೆತ. ನಾನಾಗಿದ್ದರೆ ದಾದಿಮಾ, "ಮತ್ತೆ ಓದು, ಸರಿಯಾಗಿ," ಎನ್ನುತ್ತಿದ್ದರು. ಅವಳಿಗೆ, "ಹೂಂ ಬೇಟಿ, ನಿಧಾನ. ಮುಂದೆ," ಅನ್ನುತ್ತಿದ್ದರು. ತಾಯಿಯಿಲ್ಲದ ಮಗು ಅಂತ. ಇಣುಕಿ ನೋಡಿದೆ. ಕೈ ಅವಳ ಮೊಣಕಾಲ ಮೇಲಿತ್ತು. ಆಯತ್ ಮುಗಿದಾಗ ಒಂದು ತಟ್ಟು. ಆಮೇಲೆ, ಆ ತಡವರಿಕೆಗೂ, ಇನ್ನೊಂದು.

ನಾನು ಹಿತುಕಿದ ಕಾಳು ಹಾರಿ ಗೋಡೆಗೆ ಬಡಿಯಿತು. ಅಲ್ಲಿಂದ ಮುಂದೆ ಅವಳು ತಪ್ಪಿದಾಗಲೆಲ್ಲ ನಾನು ಒಂದು ಪಾತ್ರೆ ಕುಕ್ಕಿದೆ. ಸ್ವಲ್ಪ ಹೊತ್ತು ಓದಿದವಳು ನಿಲ್ಲಿಸಿ, ಬಹಳ ಸಾಧುವಾಗಿ ಕೇಳಿದಳು: "ಆಪಾ, ಅಡುಗೆಮನೆಗೆ ಬೆಕ್ಕು ಬಂತಾ?"

ದಾದಿಮಾ ಜೋರಾಗಿ ನಕ್ಕುಬಿಟ್ಟರು. ಆ ನಗು ನನಗೆ ಬೈಗುಳಕ್ಕಿಂತ ಉರಿಯಿತು.

ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅವಳು ಬಂದು ನಿಂತಳು. ನಾನು ಬಟ್ಟೆ ಒಗೆಯುತ್ತಿದ್ದೆ.

"ಆಪಾ, ನೋಯತ್ತಾ?"

"ನಿನಗ್ಯಾಕೆ? ಹೋಗಿ ಪಾಠ ಓದ್ಕೋ. ನಿನ್ನೆ ಒಂದು ಸಾಲು ಹಾರಿಸಿದೆ."

"ಅಮ್ಮಿ ನಿನ್ನ ಜೊತೆ ಬಾಗ್ಲು ಹಾಕ್ಕೊಂಡು ಮಾತಾಡಿದ್ರು."

"ಸೋ ವಾಟ್?"

"ನನಗೆ ಬಂದ್ರೆ ಯಾರು ಬಾಗ್ಲು ಹಾಕ್ಕೊಂಡು ಹೇಳ್ತಾರೆ?" ಅಂದಳು. ಆಮೇಲೆ ಬಕೆಟ್ಟಿನ ನೀರಲ್ಲಿ ಕೈಯಾಡಿಸುತ್ತಾ, "ನಿನಗೆ ಎಲ್ಲ ಮೊದ್ಲು ಸಿಗತ್ತೆ," ಅಂದಳು.

ಎಲ್ಲ ನನಗೆ ಸಿಗುತ್ತದಂತೆ! ನನ್ನ ಜಾಗದಲ್ಲಿ ಕೂತವಳು ನನ್ನ ಮೇಲೆ ಹೊಟ್ಟೆಕಿಚ್ಚು ಪಡುವುದು ಯಾವ ನ್ಯಾಯ ಎಂದು ಬಟ್ಟೆಯನ್ನು ಇನ್ನಷ್ಟು ಜೋರಾಗಿ ಕುಕ್ಕಿದೆ.

ಎರಡು ಮೂರು ದಿನ ಕಳೆದಿರಬೇಕು. ಒಂದು ಭಾನುವಾರ ಮಧ್ಯಾಹ್ನ ನಿಂತ ಹಾಗೆ ಅನ್ನಿಸಿತು. ಅಮ್ಮಿ ಹೇಳಿದ್ದ ಹಾಗೆ ಹತ್ತಿ ಇಟ್ಟು ನೋಡಿದೆ. ಬಿಳಿಯೇ. ಬಿಳಿ ಎಂದರೆ, ಹಾಲಿನ ಬಿಳಿಯಲ್ಲ, ಚಹಾ ಸೋಸಿದ ಬಟ್ಟೆ ಒಗೆದ ಮೇಲೆ ಇರುತ್ತದಲ್ಲ, ಅಂಥಾ ಬಿಳಿ. ಸಾಕು ಅಂದುಕೊಂಡೆ. ಹಂಡೆಯ ನೀರು ತೋಡಿಕೊಂಡು ತಲೆಯ ಮೇಲೆ ಸುರಿದುಕೊಂಡೆ, ಹೇಳಿಕೊಟ್ಟ ಹಾಗೆಯೇ ಮೂಗು, ಬಾಯಿ, ಒಂದೊಂದು ಕೂದಲು. ಅಮ್ಮಿ ಎದ್ದು ಕೇಳುವುದರೊಳಗೆ ಬಿಳಿ ದುಪಟ್ಟಾ ಹೊದ್ದು, ತಂಗಿಗಿಂತ ಮೊದಲೇ ಹೋಗಿ ರೆಹಲಿನ ಮುಂದೆ ಕೂತೆ. ದಾದಿಮಾ ಬಂದು ಕೂತರು. ಕೈ ಮೊಣಕಾಲ ಮೇಲೆ ಬಂತು. ಜೀವಕ್ಕೆ ತಂಪಾಯಿತು. ಆಮೇಲೆ ಆ ಕೈ ಮೇಲೇರಿ ನನ್ನ ಜಡೆ ಹಿಂಡಿತು.

"ತಲೆ ಒದ್ದೆ. ಇಷ್ಟು ಬೇಗ? ಹತ್ತಿ ನೋಡ್ದೆಯಾ?"

"ನೋಡ್ದೆ ದಾದಿಮಾ."

"ಪೂರ್ತಿ ಬಿಳಿ ಇತ್ತಾ?"

ನನ್ನ ಒಂದು ಕೈ ಇನ್ನೂ ಮುಚ್ಚಿದ್ದ ಕುರಾನಿನ ಕಡೆ ಹೋಗಿತ್ತು. ಅಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಆಲ್ಮೋಸ್ಟ್," ಅಂದೆ.

"ಆಲ್ಮೋಸ್ಟ್ ಅಂದ್ರೇನು?" ದಾದಿಮಾ ಸುತ್ತ ಇದ್ದವರನ್ನು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ತಂಗಿಗೆ ಉರ್ದು ಸ್ಕೂಲಿನಲ್ಲಿ ಅಷ್ಟು ಇಂಗ್ಲಿಷ್ ಯಾರು ಕಲಿಸಿದರೋ ಕಾಣೆ. "ಇನ್ನೂ ಇಲ್ಲ ಅಂತ, ದಾದಿಮಾ," ಅಂದಳು.

ನಾನು ಎದ್ದು ಹೋಗುವವಳಿದ್ದೆ. ಅಳು ಬಾಯಿಗೆ ಬಂದಿತ್ತು. ದಾದಿಮಾ ನನ್ನ ದುಪಟ್ಟಾ ಹಿಡಿದುಕೊಂಡರು. "ಎಲ್ಲಿಗೆ? ಇದು ಸ್ಕೂಲ್ ಬೆಲ್ಲಲ್ಲ, ಬೇಗ ಹೊಡಿ ಅಂದ್ರೆ ಹೊಡಿಯೋಕೆ. ಅದರಷ್ಟಕ್ಕೆ ನಿಲ್ಲತ್ತೆ. ಅಲ್ಲೀವರೆಗೆ ಆ ಕಂಬದ ಹತ್ರ ಕೂತ್ಕೋ. ನಾನು ಹುಡುಗಿಯಾಗಿದ್ದಾಗ ಓದಿಸ್ತಿದ್ದ ಉಸ್ತಾನಿ ತನ್ನ ದಿನಗಳಲ್ಲೂ ಪಾಠ ನಿಲ್ಲಿಸ್ತಿರ್ಲಿಲ್ಲ. ಕಿತಾಬ್ ಮುಟ್ತಿರ್ಲಿಲ್ಲ, ಪೂರ್ತಿ ಆಯತ್ ಹೇಳ್ತಿರ್ಲಿಲ್ಲ. ನಾವು ತಪ್ಪಿದ ಕಡೆ ಒಂದೇ ಒಂದು ಪದ ಕೊಡೋಳು. ಆಮೇಲೆ ಉಸಿರು ಬಿಡೋಳು. ಬೇಕಾದ್ರೆ ಇನ್ನೊಂದು ಪದ. ಕಲಿಸೋಳಿಗೆ ಅಷ್ಟು ಪರವಾನಗಿ ಇದೆ. ಇವಳು ತಪ್ಪಿದ್ರೆ ನೀನು ಕೊಡು."

ಕಂಬದ ಹತ್ತಿರ ಕೂತೆ. ಅಡುಗೆಮನೆಗಿಂತ ಕಂಬ ವಾಸಿ.

ಮೊದಲ ದಿನ ನನಗೆ ಹಬ್ಬ. ಅವಳು ಬಾಯಿ ಬಿಟ್ಟರೆ ಸಾಕು, ನಾನು ಪದ ಎಸೆಯುತ್ತಿದ್ದೆ, ಕಲ್ಲೆಸೆದ ಹಾಗೆ. ಒಂದು ಸಣ್ಣ ಎಳೆತ ತಪ್ಪಿದರೂ ಬಿಡಲಿಲ್ಲ. ಅವಳ ಕಿವಿ ಕೆಂಪಾಯಿತು, ದನಿ ಒಡೆಯಿತು. ದಾದಿಮಾ ಮಾತ್ರ ಅವಳ ಮೊಣಕಾಲಿನಿಂದ ಕೈ ತೆಗೆಯಲಿಲ್ಲ.

ನನಗೆ ಆಗ ಹೊಳೆಯದೇ ಇದ್ದದ್ದು ಒಂದಿತ್ತು. ಅವಳು ತಪ್ಪಿದರೆ ಮಾತ್ರ ನನ್ನ ಬಾಯಿಗೆ ಕೆಲಸ. ನಾನು ಕೊಟ್ಟ ಪದವನ್ನು ಅವಳು ಅಲ್ಲಿಗೇ ಬಿಡುತ್ತಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ, ಅಕ್ಕಿ ಆರಿಸುತ್ತಾ, ಅದನ್ನೇ ಮೆಲುಕು ಹಾಕುತ್ತಿದ್ದಳು. ಎರಡನೆಯ ದಿನ ನನ್ನ ಪದಗಳು ಕಡಿಮೆಯಾದವು. ಮೂರನೆಯ ದಿನ ನಾನು ಕಂಬಕ್ಕೆ ಒರಗಿ, ಕಿವಿ ನಿಮಿರಿಸಿ, ತಪ್ಪಿಗಾಗಿ ಹಸಿದು ಕೂತಿದ್ದೆ. ಬಂದದ್ದು ಎರಡೋ ಮೂರೋ. ಅವಳು ನಿಧಾನವಾಗಿ ಓದುತ್ತಿದ್ದಳು, ತಪ್ಪಿಬಿಟ್ಟೇನೆಂಬ ಭಯದಿಂದ ಪ್ರತಿ ಪದದ ಮೇಲೂ ಕಾಲೂರಿ. ಆ ನಿಧಾನದಲ್ಲಿ ಏನೋ ಒಂದು ಸೇರಿಕೊಂಡಿತ್ತು. ಅಮ್ಮಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತು ಕೇಳಿದರು. ನಾನು ಓದುವಾಗ ಅಮ್ಮಿ ಒಂದು ದಿನವೂ ಒಲೆ ಬಿಟ್ಟು ಬಂದವರಲ್ಲ.

ಅವಳಿಗೆ ಅಷ್ಟು ಚೆನ್ನಾಗಿ ಓದಲು ಕಲಿಸಿದವರು ಯಾರು? ನಾನೇ. ಪದ ಪದವಾಗಿ. ಇಂಥ ಮೂರ್ಖಿ ಇದ್ದಾಳೆಯೇ?

ನಿಜವಾಗಿ ನಿಂತದ್ದು ಕೊನೆಯ ಓದಿನ ದಿನ ಬೆಳಿಗ್ಗೆ. ಈ ಸಲ ಹತ್ತಿಯನ್ನು ಎರಡು ಸಲ ನೋಡಿದೆ, ಅಮ್ಮಿಗೂ ತೋರಿಸಿದೆ. ಸ್ನಾನ ಮಾಡಿ, ಎಷ್ಟೋ ದಿನದ ಮೇಲೆ ನಮಾಜಿಗೆ ನಿಂತೆ. ಅಸರ್ ಆದ ಮೇಲೆ ಹಾಲಿಗೆ ಬಂದರೆ ತಂಗಿ ಆಗಲೇ ರೆಹಲಿನ ಮುಂದೆ ಕೂತಿದ್ದಳು.

"ದಾದಿಮಾ, ನಾನು ಪಾಕ್ ಆದೆ," ಅಂದೆ.

"ಆಲ್ಮೋಸ್ಟಾ?" ಅಂದರು ದಾದಿಮಾ. ಆ ಪದ ಅವರಿಗೆ ಹಿಡಿಸಿಬಿಟ್ಟಿತ್ತು.

"ಪೂರ್ತಿ."

ಯಾರು ಓದಬೇಕೆಂದು ದಾದಿಮಾ ಹೇಳಲಿಲ್ಲ. ತಂಗಿ ನನ್ನ ಮುಖ ನೋಡಿದಳು. ನೀನೇ ಓದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಎದ್ದು, ಚಾಪೆಯ ಸುಕ್ಕು ಸರಿಮಾಡಿ, ಹೋಗಿ ಕಂಬದ ಹತ್ತಿರ ಕೂತಳು.

ಓದಿದೆ. ಕೊನೆಯ ಭಾಗದ ಚಿಕ್ಕ ಚಿಕ್ಕ ಸೂರಾಗಳು, ಎಲ್ಲರಿಗೂ ಬಾಯಿಪಾಠ ಬರುವಂಥವು. ಕೈ ನನ್ನ ಮೊಣಕಾಲ ಮೇಲಿತ್ತು. ನಾನು ಬಯಸಿದ್ದೆಲ್ಲ ಹಾಗೇ ಇತ್ತು. ಒಂದು ಮಾತ್ರ ಬೇರೆಯಾಗಿತ್ತು. ನನ್ನ ಆಯತ್ ಮುಗಿದು ನಾನು ಮುಂದಕ್ಕೆ ಹೋದ ಮೇಲೆ ಆ ಬೆರಳು ತಟ್ಟುತ್ತಿತ್ತು. ದಾದಿಮಾ ಕೈಗೆ ನಿಧಾನದ ಓದು ಅಭ್ಯಾಸವಾಗಿಹೋಗಿತ್ತು. ಆ ಕೈ ನನ್ನ ಮೊಣಕಾಲ ಮೇಲೆ ಕೂತು ಅವಳಿಗೆ ತಾಳ ಹಾಕುತ್ತಿತ್ತು.

ಸಿಟ್ಟು ಬಂತು. ಇನ್ನೂ ಬೇಗ ಓದಿದೆ. ಮೂರು ನಾಲ್ಕು ಸೂರಾ ಉಳಿದಿರುವಾಗ ಒಂದು ಪದ ನುಂಗಿಬಿಟ್ಟೆ. ನನಗೆ ಗೊತ್ತಾಗಲೂ ಇಲ್ಲ.

ಕಂಬದ ಹತ್ತಿರದಿಂದ ಒಂದು ಪದ ಬಂತು. ಒಂದೇ. ಆಮೇಲೆ ಒಂದು ಉಸಿರು.

ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ, ಬೇಕಿದ್ದರೆ ಇಡೀ ಆಯತನ್ನೇ ಹೇಳಿ ನನ್ನ ಮರ್ಯಾದೆ ಕಳೆಯಬಹುದಿತ್ತು. ನಾನು ಕೊಟ್ಟಷ್ಟನ್ನೇ ಕೊಟ್ಟಳು. ಎಸೆಯಲಿಲ್ಲ, ಅಷ್ಟೇ. ಕೈಗೆ ಕೈ ಸೇರಿಸಿ ಕೊಟ್ಟ ಹಾಗೆ ಕೊಟ್ಟಳು. ನಾನು ತಿದ್ದಿಕೊಂಡು ಓದಿ ಮುಗಿಸಿದೆ. ದಾದಿಮಾ ದುವಾ ಮಾಡಿದರು, ಇಬ್ಬರ ತಲೆಯ ಮೇಲೂ ಕೈಯಿಟ್ಟರು. ಇಬ್ಬರ ಮೇಲೂ! ಅಷ್ಟು ಹೊತ್ತಿಗೆ ಅಜಾನ್ ಆಯಿತು, ಅಮ್ಮಿ ಖರ್ಜೂರದ ತಟ್ಟೆ ತಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮುಂದಿನ ರಮ್ಜಾನಿನಲ್ಲಿ ದಾದಿಮಾ ಸೋಡಾ ಬಾಟಲಿನ ತಳದಂಥ ಕನ್ನಡಕ ಹಾಕಿಕೊಂಡು ತಾವೇ ಓದಿಕೊಂಡರು. ಅವರ ಪಕ್ಕದ ಜಾಗ ಯಾರಿಗೂ ಸಿಗಲಿಲ್ಲ. ಆ ವರ್ಷವೇ ತಂಗಿಯೂ ದೊಡ್ಡವಳಾದಳು. ಹೇಳಿದ್ದು ಅಮ್ಮಿಗಲ್ಲ, ನನಗೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಎಲ್ಲ ಹೇಳಿಕೊಟ್ಟೆ, ಹತ್ತಿಯ ವಿಷಯ ಸಮೇತ. "ಆಲ್ಮೋಸ್ಟ್ ನಡಿಯಲ್ಲ, ಅಲ್ವಾ ಆಪಾ?" ಅಂದಳು. ತಲೆಗೊಂದು ಮೊಟಕಿದೆ.

ಈಗ ಅವಳು ಬಿಟಿಎಂ ಲೇಔಟಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಸಾವಿನ ಮನೆಯಿರಲಿ, ಹೊಸ ಮನೆಯಿರಲಿ, ಜನ ಅವಳಿಗೇ ಹೇಳಿ ಕಳಿಸುತ್ತಾರೆ. ನಮ್ಮಿಬ್ಬರಿಗೂ ಆ ದಿನಗಳೆಲ್ಲ ಮುಗಿದು ಯಾವ ಕಾಲವಾಯಿತು. ಮುಟ್ಟಬೇಡ, ಓದಬೇಡ ಅನ್ನುವ ರೂಲ್ ನನಗೆ ಈಗ ಒಂದೂ ಇಲ್ಲ. ಆದರೂ ಯಾರೂ ನನ್ನನ್ನು ಓದಲು ಕರೆಯುವುದಿಲ್ಲ. ಹೋಗಿ ಹಿಂದೆ ಗೋಡೆಗೆ ಒರಗಿ ಕೂರುತ್ತೇನೆ. ಕಿವಿ ತಾನಾಗಿಯೇ ನಿಮಿರುತ್ತದೆ. ಅವಳು ತಪ್ಪುವುದಿಲ್ಲ.

ಕಳೆದ ತಿಂಗಳು ಬನಶಂಕರಿಯ ಒಂದು ಮನೆಯಲ್ಲಿ ಓದುತ್ತಾ ಓದುತ್ತಾ ನಡುವೆ ನಿಂತುಬಿಟ್ಟಳು. ಎಲ್ಲರೂ ತಲೆಯೆತ್ತಿದರು. ನಾನು ಗೋಡೆಯ ಹತ್ತಿರದಿಂದ ಒಂದು ಪದ ಕೊಟ್ಟೆ. ಅದನ್ನು ಹಿಡಿದು ಅವಳು ಮುಂದೆ ಹೋದಳು.

ವಾಪಸ್ ಬರುವಾಗ ಆಟೋದಲ್ಲಿ ಕೇಳಿದೆ. "ಬೇಕಂತಲೇ ನಿಲ್ಲಿಸಿದೆ ಅಲ್ವಾ?"

"ಇಲ್ಲ ಆಪಾ. ವಯಸ್ಸಾಯ್ತಲ್ಲ, ಮರ್ತೋಗತ್ತೆ," ಅಂದಳು, ಹೊರಗಡೆ ನೋಡುತ್ತಾ.

ಸುಳ್ಳು ಹೇಳುವುದರಲ್ಲೂ ಅವಳೇ ನನಗಿಂತ ಚೆನ್ನಾಗಿದ್ದಾಳೆ.